ಸಹಾಯ ಬೇಕು: ಅಂಗಡಿಗೆ ಕೊಟ್ಟ ಪುಸ್ತಕವನ್ನು ನಾನೂ ರಿಯಾಯಿತಿಯಲ್ಲಿ ಮಾರಬಹುದಾ?

ನಮಸ್ಕಾರ. ನಾನು ಚಿತ್ರದುರ್ಗದವಳು. ನಮ್ಮೂರಿನ ಸಂತೆ ಹೊಂಡ, ಸಿಹಿನೀರು ಹೊಂಡಗಳ ಬಗ್ಗೆ ನಾಲ್ಕು ವರ್ಷ ಓಡಾಡಿ ಪುಸ್ತಕ ಬರೆದೆ. ಸ್ವಂತ ದುಡ್ಡಿನಲ್ಲೇ 500 ಪ್ರತಿ ಹಾಕಿಸಿದೆ. ಒಂದಕ್ಕೆ 70 ರೂಪಾಯಿ ಬಿತ್ತು, ಬೆಲೆ 150 ಇಟ್ಟೆ. ಬಿಡುಗಡೆ ದಿನ, ಆಮೇಲೆ ವಾಟ್ಸಾಪ್‌ನಲ್ಲಿ ಹೇಳಿ 140 ಪ್ರತಿ ಮಾರಿದೆ, 120 ರೂಪಾಯಿಯಂತೆ. ಈಗ ಕೇಳುವವರಿಲ್ಲ. ಉಳಿದ 360 ಮಂಚದ ಕೆಳಗಿವೆ, ನೋಡಿದಾಗೆಲ್ಲ ಸಂಕಟವಾಗುತ್ತದೆ.

ದಾವಣಗೆರೆಯ ಒಂದು ಅಂಗಡಿಯವರು 100 ಪ್ರತಿ ಕೇಳಿದ್ದಾರೆ. ಶೇ 40 ಕಮಿಷನ್, ದುಡ್ಡು ಮಾರಾಟವಾದ ಮೇಲೆ. ನನಗೆ ಸಿಗುವುದು 90. ಅದಕ್ಕೆ ಬೇಜಾರಿಲ್ಲ, ಅವರಿಗೂ ಬಾಡಿಗೆ ಇರುತ್ತದಲ್ವಾ. ಆದರೆ ಅವರು 150ಕ್ಕೆ ಮಾರುವಾಗ ನಾನು 120ಕ್ಕೆ ಕೊಡುತ್ತಿದ್ದರೆ ಅಲ್ಲಿ ಯಾರು ಕೊಳ್ಳುತ್ತಾರೆ?

ತಾವೇ ಪುಸ್ತಕ ಮಾರಿದವರು ದಯವಿಟ್ಟು ಹೇಳಿ. ಅಂಗಡಿಗೆ ಕೊಟ್ಟ ಮೇಲೆ ನಾನೂ 150ಕ್ಕೇ ಮಾರಬೇಕಾ, ಇಲ್ಲ ರಿಯಾಯಿತಿ ಮುಂದುವರಿಸಬಹುದಾ?