ಅಡ್ಡದಾರಿಯೋ ಒಳದಾರಿಯೋ? ಒಂದು ಸಿನಿಮಾ ಟಿಪ್ಪಣಿಗೆ ಪದ ಬೇಕಾಗಿದೆ

ಗೆಳೆಯರೇ,

ನಮ್ಮ ಸಿನಿಮಾ ಬಳಗದಲ್ಲಿ ಮುಂದಿನ ತಿಂಗಳು ‘ಮೀಕ್ಸ್ ಕಟ್‌ಆಫ್’ ತೋರಿಸುತ್ತಿದ್ದೇವೆ. ಕೆಲ್ಲಿ ರೈಕಾರ್ಟ್ ನಿರ್ದೇಶಿಸಿದ 2010ರ ಚಿತ್ರ. ಬಂದವರ ಕೈಗೆ ಕೊಡಲು ಎರಡು ಪುಟದ ಕನ್ನಡ ಟಿಪ್ಪಣಿ ಬರೆಯುವ ಕೆಲಸ ನನ್ನ ತಲೆಗೆ ಬಂತು. ಬರೆಯಲು ಕೂತವನು ಹೆಸರಿನಲ್ಲೇ ಸಿಕ್ಕಿಕೊಂಡಿದ್ದೇನೆ. ಬಲ್ಲವರು ದಾರಿ ತೋರಿಸಬೇಕು.

ಕತೆ ಚಿಕ್ಕದು. 1845ರಲ್ಲಿ ಅಮೆರಿಕದ ಪಶ್ಚಿಮದ ಓರೆಗನ್ನಿನ ಒಣನೆಲದಲ್ಲಿ ಮೂರು ಸಂಸಾರಗಳು ಎತ್ತಿನ ಬಂಡಿ ಹೊಡೆದುಕೊಂಡು ಹೋಗುತ್ತಿವೆ. ಹತ್ತಿರದ ದಾರಿ ಗೊತ್ತು ಎಂದು ಸ್ಟೀಫನ್ ಮೀಕ್ ಎಂಬ ಗಡ್ಡದವನು ಅವರನ್ನು ಕರೆದೊಯ್ಯುತ್ತಿದ್ದಾನೆ. ದಾರಿ ಸಿಗುತ್ತಿಲ್ಲ, ನೀರು ಮುಗಿಯುತ್ತಾ ಬಂದಿದೆ. ಗುಂಡಿನ ಕಾಳಗ, ಕುದುರೆ ಓಟ ಏನೂ ಇಲ್ಲ. ಚಕ್ರದ ಕಿರಗುಟ್ಟುವಿಕೆಯನ್ನು ಕೇಳುತ್ತಾ ನಾವೂ ಅವರ ಜೊತೆ ನಡೆಯಬೇಕು. (ಕೀಲೆಣ್ಣೆ ಹಾಕಬಾರದೇ ಇವರು ಎಂದು ನನ್ನ ಹೆಂಡತಿ ಮೂರು ಸಲ ಗೊಣಗಿದಳು.)

ಮೀಕ್ ನಿಜವಾಗಿ ಇದ್ದವನು. ಬೇಟೆ, ತೊಗಲಿನ ವ್ಯಾಪಾರ ಮಾಡಿಕೊಂಡಿದ್ದವ. 1845ರಲ್ಲಿ ಅವನ ಹಿಂದೆ ಹೋದವರು ಸುಮಾರು ಸಾವಿರ ಜನ, ಬಂಡಿಗಳೇ ಇನ್ನೂರರಷ್ಟು. ಹಲವರು ಸತ್ತರು, ಉಳಿದವರು ಹೇಗೋ ಕೊಲಂಬಿಯಾ ನದಿ ದಂಡೆಯ ಡ್ಯಾಲ್ಸ್ ತಲುಪಿದರು. ಸಿನಿಮಾ ಅದನ್ನು ಮೂರೇ ಬಂಡಿಗೆ ಇಳಿಸಿಕೊಂಡಿದೆ. ಅಂದಹಾಗೆ ಮೀಕ್ ಎಂದರೆ ಇಂಗ್ಲಿಷಿನಲ್ಲಿ ಸಾಧು ಮನುಷ್ಯ. ಚಿತ್ರದ ಈತನೋ ಬರೀ ಬಡಾಯಿ. ಹೆಸರಿನ ಈ ಚೋದ್ಯವನ್ನು ಕನ್ನಡಕ್ಕೆ ತರುವ ಆಸೆ ನಾನು ಬಿಟ್ಟಿದ್ದೇನೆ.

ಈಗ ‘ಕಟ್‌ಆಫ್’. ನಮ್ಮ ಮನೆಗಳಲ್ಲಿ ಕಟ್‌ಆಫ್ ಎಂದರೆ ಸಿಇಟಿ ರ‍್ಯಾಂಕು; ಹಾಗಾಗಿ ಇಂಗ್ಲಿಷ್ ಹೆಸರನ್ನೇ ಬಿಟ್ಟರೆ ಅನರ್ಥ. ಇಂಥ ಬಂಡಿಗಳು ಪಶ್ಚಿಮಕ್ಕೆ ಹೋಗುತ್ತಿದ್ದ ಓರೆಗನ್ ಜಾಡು ಸುಮಾರು 2,000 ಮೈಲಿ ಉದ್ದ. ಅದರಿಂದ ಕವಲೊಡೆದು, ಸುತ್ತು ತಪ್ಪಿಸುತ್ತೇವೆಂದು ಹೊರಟ ದಾರಿಗಳಿಗೆ ಅಲ್ಲಿನವರು ಕಟ್‌ಆಫ್ ಎನ್ನುತ್ತಿದ್ದರು, ಹಲವು ಸಲ ಒಬ್ಬನ ಹೆಸರು ಸೇರಿಸಿ. 1846ರಲ್ಲಿ ಹೇಸ್ಟಿಂಗ್ಸ್ ಕಟ್‌ಆಫ್ ಹಿಡಿದ ಡಾನರ್ ಎಂಬ ಬಂಡಿ ತಂಡ ಸಿಯೆರಾ ನೆವಾಡಾ ಬೆಟ್ಟಸಾಲಿನ ಹಿಮದಲ್ಲಿ ಸಿಕ್ಕಿ ಅರ್ಧಕ್ಕರ್ಧ ಸತ್ತಿತು. ಆ ಪದಕ್ಕೆ ‘ಕಡಿದುಹೋದದ್ದು’ ಎಂಬ ಅರ್ಥವೂ ಇದೆ. ಜನರಿಂದ, ನೀರಿನಿಂದ, ಹಿಂದಿರುಗುವ ದಾರಿಯಿಂದ ಕಡಿದುಹೋದವರು.

ನನ್ನ ಕೈಲಿರುವುವು ಇವು. ‘ಒಳದಾರಿ’ ನಮ್ಮ ಹಾಸನದ ಕಡೆ ದಿನಬಳಕೆಯ ಮಾತು, ಆದರೆ ಅದರಲ್ಲಿ ಊರಿನ ನಂಟಿದೆ. ತೋಟದ ಬೇಲಿ ಪಕ್ಕ ಹೋಗಿ ಬಸ್‌ಸ್ಟಾಂಡು ಸೇರುವ ದಾರಿ ಅದು. ಸಾವಿರ ಜನರ ಬಂಡಿ ಅದರಲ್ಲಿ ಹಿಡಿಸುವುದಿಲ್ಲ. ‘ಕಾಲುದಾರಿ’ಯಲ್ಲಿ ಬಂಡಿ ಹೋಗದು. ‘ಸೀಳುದಾರಿ’ ಕಡಿತದ ಅರ್ಥವನ್ನು ಹಿಡಿಯುತ್ತದೆ, ಆದರೆ ಯಾರ ಬಾಯಲ್ಲೂ ಕೇಳಿಲ್ಲ. ‘ಕವಲುದಾರಿ’ ಎಂದರೆ ಹಾದಿ ಒಡೆಯುವ ಜಾಗವಾಯಿತು.

ಉಳಿದದ್ದು ‘ಅಡ್ಡದಾರಿ’. ಪದಕ್ಕೆ ಪದ ಇಟ್ಟರೆ ಇದೇ ಸರಿ, ಆದರೆ ಇದನ್ನೇ ಮೊದಲು ಹೊಡೆದುಹಾಕಿದ್ದೆ. ಅಡ್ಡದಾರಿ ಹಿಡಿದ ಎಂದರೆ ಕನ್ನಡದಲ್ಲಿ ಮನುಷ್ಯ ಕೆಟ್ಟ ಎಂದೇ ಅರ್ಥ. ಪತ್ರಿಕೆಗಳಲ್ಲಂತೂ ಅದು ದುಡ್ಡು ಮಾಡುವ ದಾರಿ, ಅಧಿಕಾರ ಹಿಡಿಯುವ ದಾರಿ. ಪಾಪ, ಹಸುಳೆಗಳನ್ನು ಕಟ್ಟಿಕೊಂಡು ಹೊರಟ ಸಂಸಾರಸ್ಥರ ಮೇಲೆ ಆ ಕಳಂಕ ಯಾಕೆ? ಆದರೆ ಎರಡನೇ ಸಲ ನೋಡುವಾಗ ಮನಸ್ಸು ತಿರುಗಿತು. ಬಂಡಿಯವರನ್ನು ಕಾಡುವ ಪ್ರಶ್ನೆಯೇ ಇದಲ್ಲವೇ? ಮೀಕನಿಗೆ ದಾರಿ ಗೊತ್ತಿಲ್ಲವೋ, ಅಥವಾ ಬೇಕೆಂದೇ ಹಾಳುಮಾಡುತ್ತಿದ್ದಾನೋ? ದಡ್ಡನೋ ದುಷ್ಟನೋ ಎಂದು ಗಂಡಹೆಂಡತಿ ರಾತ್ರಿ ಪಿಸುಗುಡುತ್ತಾರೆ. ಹತ್ತಿರದ ದಾರಿಗೂ ಕೆಟ್ಟ ದಾರಿಗೂ ಒಂದೇ ಪದ ಇಟ್ಟುಕೊಂಡ ನುಡಿ ನಮ್ಮದು. ಇಂಗ್ಲಿಷಿಗೆ ಸಿಗದ ಅನುಕೂಲ ಇದು ಎಂದು ಈಗ ಅನ್ನಿಸುತ್ತಿದೆ. ‘ಮೀಕನ ಅಡ್ಡದಾರಿ’.

ಇದಕ್ಕೆ ಅಂಟಿಕೊಂಡೇ ಇನ್ನೊಂದು. ಚಿತ್ರದ ಆರಂಭದಲ್ಲಿ ಒಬ್ಬ ಒಣಮರದ ಮೇಲೆ ಚಾಕುವಿನಿಂದ ನಾಲ್ಕಕ್ಷರದ ಒಂದು ಪದ ಕೊರೆಯುತ್ತಾನೆ, ‘ಲಾಸ್ಟ್’ ಎಂದು. ಕೆಳಗೆ ಕನ್ನಡದಲ್ಲಿ ಏನು ಹಾಕಲಿ? ‘ಕಳೆದುಹೋದೆವು’ ಎಂದರೆ ಜಾತ್ರೆಯಲ್ಲಿ ತಪ್ಪಿಸಿಕೊಂಡ ಮಗು. ‘ದಾರಿ ತಪ್ಪಿದೆವು’ ಎಂದರೆ ಮತ್ತೆ ಶೀಲದ ಮಾತು. ‘ಜಾಡು ತಪ್ಪಿತು’ ಚೆನ್ನಾಗಿದೆ, ಬಂಡಿಜಾಡು ನೆನಪಾಗುತ್ತದೆ, ಆದರೆ ತಣ್ಣಗಿದೆ. ನನಗೆ ಹಿಡಿಸಿದ್ದು ‘ದಿಕ್ಕೆಟ್ಟೆವು’. ದಿಕ್ಕು ಎಂದರೆ ಮೂಡಣ ಪಡುವಣ ಮಾತ್ರವಲ್ಲ, ‘ನೀನೇ ದಿಕ್ಕು’ ಎನ್ನುವಾಗಿನ ಆಸರೆಯೂ ಹೌದು. ಮುಂದೆ ಇವರು ಒಬ್ಬ ಮೂಲನಿವಾಸಿಯನ್ನು ಹಿಡಿದು ಕಟ್ಟಿಹಾಕುತ್ತಾರೆ. ನೀರು ತೋರಿಸುವವನು ಅವನೋ ಮೀಕನೋ, ಯಾರನ್ನು ದಿಕ್ಕೆಂದು ನಂಬುವುದು, ಇದರ ಮೇಲೆಯೇ ಉಳಿದ ಸಿನಿಮಾ ನಿಂತಿದೆ. ದಿಕ್ಕೆಟ್ಟೆವು ಎಂದು ಮರದ ಮೇಲೆ ಕೊರೆದಿದ್ದರೆ ಕತೆಯೆಲ್ಲ ಅಲ್ಲೇ ಇದ್ದಂತೆ. ಒತ್ತಕ್ಷರ ಕೊರೆಯುವುದರೊಳಗೆ ಎತ್ತು ಬಾಯಾರಿ ಸಾಯುತ್ತಿತ್ತು ಎಂಬುದು ಬೇರೆ ಮಾತು.

ಆ ಮೂಲನಿವಾಸಿಯ ಮಾತಿಗೆ ಅಡಿಬರಹ ಹಾಕಿ ಎಂದು ಬಳಗದ ಒಬ್ಬರು ಕೇಳಿದರು. ಬೇಡ ಎಂದೆ. ಮೂಲದಲ್ಲೇ ಹಾಕಿಲ್ಲ, ಬಂಡಿಯವರಿಗೆ ಅರ್ಥವಾಗದ್ದು ನಮಗೂ ಆಗಬಾರದು. ಅವರು ಅವನನ್ನು ‘ಇಂಡಿಯನ್’ ಎನ್ನುತ್ತಾರೆ. ಅದನ್ನು ಹಾಗೇ ಬರೆದರೆ ನಮ್ಮವನೇ ಅಲ್ಲಿಗೆ ಹೋದಂತಾಗುತ್ತದೆ, ಹಾಗಾಗಿ ಮೂಲನಿವಾಸಿ.

ಈ ಬಂಡಿಯವರನ್ನು ಇಂಗ್ಲಿಷಿನಲ್ಲಿ ಕರೆಯುವ ‘ಪಯೊನಿಯರ್’ಗೆ ನಿಘಂಟು ಹರಿಕಾರ, ಆದ್ಯಪ್ರವರ್ತಕ ಎನ್ನುತ್ತದೆ. ಅವು ಸನ್ಮಾನಪತ್ರದ ಪದಗಳು. ಮೂಲದಲ್ಲಿ ಅದು ಸೈನ್ಯದ ಮುಂದೆ ಹೋಗಿ ಹಾದಿ ಕಡಿಯುವ ಕಾಲಾಳಿನ ಹೆಸರು. ಹೇಗೂ ಆ ಜನರನ್ನು ಆಗ ಕರೆಯುತ್ತಿದ್ದದ್ದು ಹೊರವಲಸೆಯವರು ಎಂದೇ, ಯಾಕೆಂದರೆ ಓರೆಗನ್ ಮೇಲಿನ ಬ್ರಿಟನ್–ಅಮೆರಿಕ ತಕರಾರು 1846ರ ಒಪ್ಪಂದದವರೆಗೆ ಬಗೆಹರಿದಿರಲಿಲ್ಲ, ಅಲ್ಲಿಗೆ ಹೋಗುವುದೆಂದರೆ ದೇಶ ಬಿಟ್ಟು ಹೋದಂತೆ. ಹಾಗಾಗಿ ‘ವಲಸಿಗರು’ ಎಂದು ಬರೆದಿದ್ದೇನೆ. ಬಂಡಿಸಾಲಿಗೆ ‘ತಾಂಡಾ’ ಎನ್ನಬಹುದೇ ಎಂಬ ಆಸೆ ಇದೆ. ಬಣಜಾರರ ಹೇರೆತ್ತುಗಳ ಗುಂಪಿಗೆ ಇದ್ದ ಆ ಪದ ಈಗ ಅವರು ನೆಲೆ ನಿಂತ ಊರಿನ ಪದವಾಗಿದೆ. ನಡೆಯುತ್ತಾ ನಡೆಯುತ್ತಾ ಊರಾದ ಪದ. ಆದರೆ ಓದುವವರಿಗೆ ಲಂಬಾಣಿ ತಾಂಡಾವೇ ಕಣ್ಣಿಗೆ ಬರುತ್ತದೆ ಎಂಬ ಅಳುಕೂ ಇದೆ.

ಬಂಡಿಗೆ ‘ಕಮಾನುಗಾಡಿ’ ಸಾಕು, ನಾಲ್ಕು ಚಕ್ರ ಎಂದು ಒಂದು ಮಾತು ಸೇರಿಸಿದರಾಯಿತು. ಕುಡಿಯಲಾಗದ ಕೆರೆಯ ನೀರಿಗೆ ನಾವು ಚೌಳು ಎನ್ನುತ್ತೇವೆ, ಉತ್ತರದವರು ಸವಳು. ಹೆಂಗಸರ ತಲೆಯ ಬಾನೆಟ್ಟಿಗೆ ಮಾತ್ರ ಒದ್ದಾಡುತ್ತಿದ್ದೇನೆ. ಅದು ಅಕ್ಕಪಕ್ಕದ ನೋಟವನ್ನು ಮುಚ್ಚುತ್ತದೆ. ಪರದೆಯೂ ಹಳೆಯ ಟೀವಿಯಂತೆ ಚೌಕಾಗಿದೆ. ಆ ಹೆಂಗಸರಿಗೆ ಕಂಡಷ್ಟೇ ನಮಗೂ ಕಾಣಲಿ ಎಂದು. ‘ಕುಲಾವಿ’ ಎಂದರೆ ಕೂಸಿನದು, ‘ಕುಂಚಿಗೆ’ಯೂ ಕೂಸಿನದೇ, ಆದರೆ ಕುಂಚಿಗೆ ಬೆನ್ನಿನ ಮೇಲೆ ಇಳಿಯುತ್ತದೆ, ಕೆನ್ನೆ ಮುಚ್ಚುತ್ತದೆ. ದೊಡ್ಡ ಹೆಂಗಸರು ಬಿಸಿಲಿಗೆ ತೊಡುವ ಇಂಥದ್ದಕ್ಕೆ ಬಯಲುಸೀಮೆಯಲ್ಲಿ ಬೇರೆ ಹೆಸರೇನಾದರೂ ಇದೆಯೇ?

ಟಿಪ್ಪಣಿ ಅಚ್ಚಿಗೆ ಹೋಗಲು ಇನ್ನು ಹತ್ತು ದಿನವಿದೆ. ಮುಖ್ಯವಾಗಿ ಬೇಕಾದದ್ದು ಇದು: ನಿಮ್ಮ ಊರಿನಲ್ಲಿ ‘ಅಡ್ಡದಾರಿಯಲ್ಲಿ ಬಂದೆ’ ಎಂದು ಒಬ್ಬರು ಹೇಳಿದರೆ, ಬೇಗ ಬಂದರು ಎಂದು ತಿಳಿಯುತ್ತೀರೋ, ಅಥವಾ ಒಮ್ಮೆ ಮುಖ ನೋಡುತ್ತೀರೋ?