ರಕ್ತ ಪರೀಕ್ಷೆಯ ಸಾಕ್ಷ್ಯ: ‘ಅಮಲು’, ‘ತಿಳಿ’, ‘ಕೈಬದಲು’ – ಈ ಪದಗಳು ಸರಿಯೇ?

ಎಲ್ಲರಿಗೂ ನಮಸ್ಕಾರ.

ಕುಡಿದು ಗಾಡಿ ಓಡಿಸಿದ ಕೇಸುಗಳಲ್ಲಿ ರಕ್ತ ಪರೀಕ್ಷೆಯ ವರದಿಯನ್ನು ಕೋರ್ಟಿನಲ್ಲಿ ಹೇಗೆ ಪ್ರಶ್ನಿಸುತ್ತಾರೆ ಅನ್ನುವುದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕಾನೂನು ಓದದವರಿಗೂ ಅರ್ಥವಾಗಬೇಕು ಅನ್ನುವುದು ನನ್ನ ಆಸೆ. ಕೆಲವು ಪದಗಳ ಹತ್ತಿರ ನಿಂತಿದ್ದೇನೆ. ನಿಮ್ಮ ಅಭಿಪ್ರಾಯ ಬೇಕು.

ಮೊದಲು ‘ಅಮಲು’. ಪತ್ರಿಕೆಗಳಲ್ಲಿ ‘ಮದ್ಯದ ಅಮಲಿನಲ್ಲಿ ವಾಹನ ಚಾಲನೆ’ ಅಂತಲೇ ಬರುತ್ತದೆ. ಓದಲು ಚೆನ್ನಾಗಿದೆ. ಆದರೆ 1988ರ ಮೋಟಾರು ವಾಹನಗಳ ಕಾಯ್ದೆಯ 185ನೇ ಸೆಕ್ಷನ್, ಕುಡಿತದ ವಿಷಯದಲ್ಲಿ ಅಮಲು ಏರಿತ್ತಾ ಅಂತ ಕೇಳುವುದೇ ಇಲ್ಲ. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಜಾಸ್ತಿ ಮದ್ಯಸಾರ ಇತ್ತಾ ಅಂತ ಮಾತ್ರ ಕೇಳುತ್ತದೆ. ಗಾಡಿಯನ್ನು ಹಿಡಿತದಲ್ಲಿ ಇಟ್ಟುಕೊಳ್ಳಲು ಆಗದಷ್ಟು ಮತ್ತೇರಿತ್ತೇ ಅನ್ನುವ ಅಳತೆ ಇರುವುದು ಮಾದಕ ವಸ್ತುಗಳಿಗೆ. ಹಾಗಾಗಿ ‘ನಾನು ನೆಟ್ಟಗೇ ನಡೆಯುತ್ತಿದ್ದೆ ಸ್ವಾಮಿ’ ಅಂದರೆ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು. ಅದೆಲ್ಲ ಒಂದು ಸಂಖ್ಯೆಯ ಮೇಲೆ ನಿಂತಿದೆ. ‘ಅಮಲು’ ಅಂತ ಬರೆದ ಕೂಡಲೇ ಓದುವವರ ಗಮನ ಆ ಸಂಖ್ಯೆಯಿಂದ ಮನುಷ್ಯನ ನಡತೆಯ ಕಡೆಗೆ ಹೋಗುತ್ತದೆ. ಅದಕ್ಕೇ ನಾನು ‘ಮಿತಿ ಮೀರಿದ ಮದ್ಯಸಾರ’ ಅಂತ ಬಳಸುತ್ತಿದ್ದೇನೆ. ‘ಮದ್ಯ’ ಕುಡಿಯುವ ಪದಾರ್ಥ, ‘ಮದ್ಯಸಾರ’ ಅದರೊಳಗಿನ ಆಲ್ಕೋಹಾಲ್. ಈ ಎರಡನ್ನು ಬೇರೆ ಇಟ್ಟುಕೊಳ್ಳುವುದು ಒಳ್ಳೆಯದು ಅನ್ನಿಸುತ್ತದೆ.

ಎರಡನೆಯದು ನನಗೆ ಎಲ್ಲಕ್ಕಿಂತ ಮುಖ್ಯ. ಕಾಯ್ದೆ ‘ರಕ್ತ’ ಅನ್ನುತ್ತದೆ. ಆದರೆ ಆಸ್ಪತ್ರೆಯ ಲ್ಯಾಬು ಬಹಳ ಸಲ ಅಳೆಯುವುದು ಸೀರಂ, ಅಂದರೆ ರಕ್ತ ಹೆಪ್ಪುಗಟ್ಟಿದಾಗ ಬೇರೆಯಾಗಿ ನಿಲ್ಲುವ ದ್ರವ. ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ ಸಾಮಾನ್ಯವಾಗಿ ಅಳೆಯುವುದು ಬೇರ್ಪಡಿಸದ ರಕ್ತ. ಸೀರಂನಲ್ಲಿ ನೀರಿನ ಪಾಲು ಜಾಸ್ತಿ. ಮದ್ಯಸಾರ ನೀರನ್ನು ಹುಡುಕಿಕೊಂಡು ಹೋಗುತ್ತದೆ. ಹಾಗಾಗಿ ಒಬ್ಬನದೇ ರಕ್ತವಾದರೂ ಸೀರಂನ ಸಂಖ್ಯೆ ಸುಮಾರು 15 ಪ್ರತಿಶತದಷ್ಟು ಮೇಲೆ ಬರುತ್ತದೆ. ಸೀರಂನಲ್ಲಿ 33 ಬಂದರೆ ರಕ್ತದಲ್ಲಿ 29ರ ಸುಮಾರು ಇರಬಹುದು. ಒಂದು ಅಪರಾಧ, ಇನ್ನೊಂದು ಅಲ್ಲ! ವರದಿಯಲ್ಲಿ ಸುಮ್ನೆ ‘ರಕ್ತ’ ಅಂತ ಬರೆದಿದ್ದರೆ ಈ ಪ್ರಶ್ನೆ ಕೇಳಬೇಕು ಅನ್ನುವುದೇ ಯಾರಿಗೂ ಹೊಳೆಯುವುದಿಲ್ಲ.

ಸೀರಂಗೆ ‘ರಕ್ತಸಾರ’ ಅನ್ನುವ ಪದ ಬಳಕೆಯಲ್ಲಿದೆ. ಆದರೆ ಪಕ್ಕದಲ್ಲೇ ‘ಮದ್ಯಸಾರ’ ಇರುವಾಗ ‘ರಕ್ತಸಾರದಲ್ಲಿನ ಮದ್ಯಸಾರ’ ಅಂತ ಬರೆದರೆ ನಾಲಿಗೆಯೂ ತೊಡರುತ್ತದೆ, ಅರ್ಥವೂ ತೊಡರುತ್ತದೆ. ‘ರಕ್ತದ ತಿಳಿ’ ಅಂದರೆ ಹೇಗೆ? ಮಜ್ಜಿಗೆ ಇಟ್ಟರೆ ಮೇಲೆ ತಿಳಿ ನಿಲ್ಲುತ್ತದಲ್ಲ, ರಕ್ತ ಹೆಪ್ಪುಗಟ್ಟಿದಾಗಲೂ ಮೇಲೆ ಹಾಗೇ ತಿಳಿಹಳದಿ ದ್ರವ ನಿಲ್ಲುತ್ತದೆ. ಕನ್ನಡದವರಿಗೆ ಕೂಡಲೇ ಕಣ್ಣಿಗೆ ಕಟ್ಟುವ ಮಾತು. ಇನ್ನೊಂದಕ್ಕೆ ‘ಪೂರ್ಣ ರಕ್ತ’, ‘ಇಡೀ ರಕ್ತ’ ಎರಡೂ ನನಗೆ ಹಿಡಿಸಲಿಲ್ಲ. ‘ಇಡೀ ರಕ್ತ ತೆಗೆದರು’ ಅಂದರೆ ಮೈಯಲ್ಲಿ ಏನೂ ಉಳಿಸಲಿಲ್ಲ ಅನ್ನಿಸುತ್ತದೆ. ‘ಬೇರ್ಪಡಿಸದ ರಕ್ತ’ ಉದ್ದವಾದರೂ ಸ್ಪಷ್ಟ.

ಮೂರನೆಯದು ‘ಚೈನ್ ಆಫ್ ಕಸ್ಟಡಿ’. ‘ಸಂರಕ್ಷಣಾ ಸರಪಳಿ’ ಅಂತ ಬರೆದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ವಿಷಯ ಸರಳ. ಡಾಕ್ಟರು ರಕ್ತ ತೆಗೆದರು, ಬಾಟಲಿಗೆ ಅರಗಿನ ಸೀಲು ಹಾಕಿದರು, ಪೊಲೀಸರ ಕೈಗೆ ಕೊಟ್ಟರು, ಠಾಣೆಯಲ್ಲಿ ಇಟ್ಟರು, ಆಮೇಲೆ ಲ್ಯಾಬಿಗೆ ಹೋಯಿತು. ಪ್ರತಿ ಹಂತದಲ್ಲೂ ಯಾರ ಕೈಯಲ್ಲಿತ್ತು, ಎಷ್ಟು ಹೊತ್ತು, ಫ್ರಿಜ್ಜಿನಲ್ಲಿತ್ತೋ ಹೊರಗಿತ್ತೋ ಅನ್ನುವುದಕ್ಕೆ ದಾಖಲೆ ಇರಬೇಕು. ಇದು ಬರೀ ಕಾಗದದ ಕೆಲಸ ಅಲ್ಲ. ಬಾಟಲಿಯಲ್ಲಿ ಸೋಡಿಯಂ ಫ್ಲೋರೈಡ್ (ರಕ್ತ ಕೆಡದಂತೆ ಹಾಕುವ ರಾಸಾಯನಿಕ) ಸಾಕಷ್ಟು ಇಲ್ಲದೆ, ಬಿಸಿಲಿನ ದಿನಗಳಲ್ಲಿ ಹೊರಗೇ ಇದ್ದರೆ, ರಕ್ತಕ್ಕೆ ಸೇರಿದ ಸೂಕ್ಷ್ಮಜೀವಿಗಳು ಅದರ ಸಕ್ಕರೆಯನ್ನು ಹುಳಿಯಿಸಿ ತಾವೇ ಮದ್ಯಸಾರ ಮಾಡಬಲ್ಲವು. ಸೂಜಿ ಚುಚ್ಚುವ ಮೊದಲು ಸ್ಪಿರಿಟ್ ಹತ್ತಿಯಲ್ಲಿ ಒರೆಸಬಾರದು ಅನ್ನುವುದೂ ಇದೇ ಜಾತಿಯ ಎಚ್ಚರಿಕೆ. ‘ಸುಪರ್ದು’ ಅಂತ ಒಂದು ಒಳ್ಳೆಯ ಪದ ನಮ್ಮ ಕೋರ್ಟುಗಳಲ್ಲಿ ಇದೆ. ಆದರೆ ಜಪ್ತಿಯಾದ ಗಾಡಿಯನ್ನು ಮಾಲೀಕರಿಗೆ ಬಿಟ್ಟುಕೊಡುವುದಕ್ಕೆ ಅದು ಅಂಟಿಕೊಂಡಿದೆ. ನಾನು ಸದ್ಯಕ್ಕೆ ‘ಕೈಬದಲಿನ ದಾಖಲೆ’ ಅಂತ ಬರೆದಿದ್ದೇನೆ.

‘ಸಾಕ್ಷಿ’, ‘ಸಾಕ್ಷ್ಯ’ ಎರಡನ್ನೂ ಕಲಸುವವರಿಗೂ ಒಂದು ಮಾತು. ‘ಸಾಕ್ಷಿ’ ಅಂದರೆ ಕೋರ್ಟಿನಲ್ಲಿ ಹೇಳುವ ವ್ಯಕ್ತಿ, ‘ಸಾಕ್ಷ್ಯ’ ಅಂದರೆ ಕೋರ್ಟಿನ ಮುಂದಿಡುವ ಪುರಾವೆ. ಸರ್ಕಾರಿ ವಿಜ್ಞಾನಿಯ ವರದಿಯನ್ನು, ಅವರನ್ನು ಕಟಕಟೆಗೆ ಕರೆಯದೆಯೇ ಕೋರ್ಟು ಪರಿಗಣಿಸಬಹುದು. ಇದಕ್ಕೆ ಆಧಾರ ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 293ನೇ ಸೆಕ್ಷನ್, ಈಗ ಅದರ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 329ನೇ ಸೆಕ್ಷನ್. ಅಂದರೆ ಸಾಕ್ಷ್ಯ ಬರುತ್ತದೆ, ಸಾಕ್ಷಿ ಬರುವುದಿಲ್ಲ. ಸಾಕ್ಷಿಯನ್ನು ಕರೆಸಿ ಅಂತ ಕೋರ್ಟನ್ನು ಕೇಳಿಕೊಂಡರೆ ಮಾತ್ರ ಸೀರಂ, ಸೀಲು, ಫ್ಲೋರೈಡ್ ಪ್ರಶ್ನೆಗಳಿಗೆ ಅವರ ಬಾಯಿಂದಲೇ ಉತ್ತರ ಸಿಗುತ್ತದೆ. ಹೀಗೆ ಎದುರು ಪಕ್ಷದ ಸಾಕ್ಷಿಯನ್ನು ಪ್ರಶ್ನಿಸುವುದಕ್ಕೆ ‘ಪಾಟೀ ಸವಾಲು’ ಅನ್ನುವ ಹಳೆಯ ಪದವೇ ಇದೆ, ಗಟ್ಟಿಯಾಗಿದೆ. ‘ಸಾಕ್ಷ್ಯಕ್ಕೆ ಸವಾಲು ಒಡ್ಡುವುದು’ ಅನ್ನುವ ಹೊಸ ಮಾತು ನನಗೆ ಬೇಡ ಅನ್ನಿಸಿತು. ‘ವರದಿಯನ್ನು ಪ್ರಶ್ನಿಸುವುದು’ ಸಾಕು. ‘ಅಲ್ಲಗಳೆಯುವುದು’ ಅಂದರೆ ತಪ್ಪಾಗುತ್ತದೆ. ವಕೀಲರು ‘ಕುಡಿದೇ ಇಲ್ಲ’ ಅನ್ನುತ್ತಿಲ್ಲವಲ್ಲ, ಈ ಸಂಖ್ಯೆಯನ್ನು ನಂಬುವುದು ಹೇಗೆ ಅಂತ ಕೇಳುತ್ತಿದ್ದಾರೆ.

ಠಾಣೆ, ಕೋರ್ಟು, ಲ್ಯಾಬುಗಳಲ್ಲಿ ಕೆಲಸ ಮಾಡಿದವರು ಇಲ್ಲಿದ್ದರೆ ದಯವಿಟ್ಟು ಹೇಳಿ: ಬಾಟಲಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವುದಕ್ಕೆ ನಿಮ್ಮ ಕಡೆ ದಿನನಿತ್ಯ ಏನಂತಾರೆ? ಧಾರವಾಡ, ಕಲಬುರಗಿ, ಮಂಗಳೂರಿನ ಕಡೆ ಬೇರೆ ಬೇರೆ ಮಾತು ಇದ್ದರೆ ಎಲ್ಲವನ್ನೂ ಬರೆಯಿರಿ. ‘ರಕ್ತದ ತಿಳಿ’ ಬಗ್ಗೆ ಡಾಕ್ಟರುಗಳ ಆಕ್ಷೇಪ ಏನಾದರೂ ಇದ್ದರೆ ಅದೂ ಬೇಕು.