ಹುಳ ಇಲ್ಲದ ಬದನೆಯೆಲ್ಲ ಬಿಟಿ ಬದನೆಯಾ? ಅತ್ತೆಗೆ ಏನು ಹೇಳಲಿ?

ಕುವೆಂಪುನಗರದ ಸೊಸೆ

ನಮ್ಮ ಅತ್ತೆ ಮದ್ದೂರು ಕಡೆಯವರು. ಮುದ್ದೆಗೆ ಬದನೆಕಾಯಿ, ಅವರೆಕಾಳು ಹಾಕಿದ ಸಾರು ಇದ್ದರೆ ಅವತ್ತು ಮನೆಯಲ್ಲಿ ಜಗಳವೇ ಇಲ್ಲ. ಮೂರು ತಿಂಗಳಿಂದ ಆ ಸಾರಿಗೇ ಕುತ್ತು ಬಂದಿದೆ. ಯಾರೋ ವಾಟ್ಸಾಪಿನಲ್ಲಿ ವಿಡಿಯೋ ಕಳಿಸಿದರು. ಹುಳ ಇಲ್ಲದ ಬದನೆಯೆಲ್ಲ ಬಿಟಿ ಬದನೆ, ತಿಂದರೆ ಕಾಯಿಲೆ ಅಂತ. ಮೊದಲು ಒಂದು ಹುಳ ಕಂಡರೆ ದೇವರಾಜ ಮಾರ್ಕೆಟ್ಟಿನ ಅಂಗಡಿಯವನಿಗೆ ಶಾಪ ಹಾಕುತ್ತಿದ್ದವರು, ಈಗ ಹೆಚ್ಚುವಾಗ ಹುಳ ಸಿಕ್ಕಿದರೆ "ಸದ್ಯ, ಒಳ್ಳೇ ಕಾಯಿ" ಅನ್ನುತ್ತಾರೆ. ಸಿಗದಿದ್ದರೆ ಅಷ್ಟೂ ಕಸಕ್ಕೆ. ಬೀಜ ಕಮ್ಮಿ ಇರುವ ಪಪ್ಪಾಯಿ, ಗಟ್ಟಿ ಟೊಮೆಟೊ, ಎಲ್ಲದರ ಮೇಲೂ ಅನುಮಾನ.

ನನಗೆ ನಗು ಬರುತ್ತದೆ, ಆದರೆ ಉತ್ತರ ಗೊತ್ತಿಲ್ಲ. ಬಿಟಿ ಬದನೆಯಂಥ ಕುಲಾಂತರಿ ತರಕಾರಿ, ಅಂದರೆ ಬೇರೆ ಜೀವಿಯ ಜೀನು ಸೇರಿಸಿದ್ದು, ನಮ್ಮ ಮಾರ್ಕೆಟ್ಟಿಗೆ ನಿಜವಾಗಲೂ ಬಂದಿದೆಯಾ? ಬಂದಿದ್ದರೆ ಗುರುತು ಹಿಡಿಯೋದು ಹೇಗೆ? ದಯವಿಟ್ಟು ಇನ್ನೊಂದು ವಿಡಿಯೋ ಮಾತ್ರ ಕಳಿಸಬೇಡಿ.

ಕೋಟೆ ಹತ್ತಿಗಾರ

ಅಕ್ಕ, ಹುಳ ಇಲ್ಲ ಅಂದರೆ ಚೆನ್ನಾಗಿ ಔಷಧಿ ಬಿದ್ದಿದೆ ಅಂತ ಅರ್ಥ, ಬಿಟಿ ಅಂತಲ್ಲ. ಕಾಯಿಕೊರಕ ಒಳಗೆ ಸೇರಿಕೊಂಡ ಮೇಲೆ ಔಷಧಿ ತಾಗುವುದಿಲ್ಲ. ಅದಕ್ಕೇ ಮತ್ತೆ ಮತ್ತೆ ಹೊಡೆಯುತ್ತಾರೆ. ಎಚ್.ಡಿ. ಕೋಟೆ ಹತ್ತಿರ ನಾನೂ ಅರ್ಧ ಎಕರೆ ಬದನೆ ಹಾಕುತ್ತೇನೆ. ಮನೆಗೆ ಅಂತ ನಾಲ್ಕು ಸಾಲು ಬೇರೆ ಬಿಟ್ಟಿರುತ್ತೇನೆ. ಯಾಕೆ ಅಂತ ಹೇಳಬೇಕಾ?

ಬಿಟಿ ಬದನೆಗೆ 2009ರ ಅಕ್ಟೋಬರಿನಲ್ಲಿ ಕೇಂದ್ರದ ಸಮಿತಿ ಒಪ್ಪಿಗೆ ಕೊಟ್ಟಿದ್ದು ನಿಜ. ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಆ ಕೆಲಸದಲ್ಲಿ ಸೇರಿತ್ತು. ಆಮೇಲೆ ಜನ ತಿರುಗಿಬಿದ್ದರು. ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ಏಳು ಊರುಗಳಲ್ಲಿ ಸಭೆ ನಡೆಸಿದರು, ಬೆಂಗಳೂರಿನಲ್ಲೂ ಆಯಿತು. 2010ರ ಫೆಬ್ರುವರಿ 9ಕ್ಕೆ ತಡೆ ಬಿತ್ತು. ಬಾಂಗ್ಲಾದೇಶದವರು 2014ರಿಂದ ಬೆಳೆಯುತ್ತಿದ್ದಾರೆ. 2019ರಲ್ಲಿ ಹರಿಯಾಣದ ಒಂದು ಹೊಲದಲ್ಲಿ ಕದ್ದು ಬೆಳೆದದ್ದು ಸಿಕ್ಕಿ, ಕೀಳಿಸಿದರು. ನಮ್ಮಲ್ಲಿ ರೈತರು ಕಾನೂನು ಪ್ರಕಾರ ಬೆಳೆದು ಮಾರುವ ಕುಲಾಂತರಿ ಅಂದರೆ ಹತ್ತಿ ಒಂದೇ, 2002ರಿಂದ. ಅದನ್ನು ನಾನೂ ಬೆಳೆಯುತ್ತೇನೆ.

ಈಗ ಆ ಹತ್ತಿಬೀಜ ಎಲ್ಲಿಗೆ ಹೋಗುತ್ತದೆ ಹೇಳಿ? ಎಣ್ಣೆ ಮಿಲ್ಲಿಗೆ. ಎಣ್ಣೆ ತಿಂಡಿ ಕರಿಯುವವರಿಗೆ, ಹಿಂಡಿ ದನಗಳಿಗೆ. ನನ್ನ ಎರಡು ಹಸುವಿಗೂ ಬೂಸಾ ಜೊತೆ ಅದನ್ನೇ ಕಲಸಿ ಇಡುತ್ತೇನೆ. ಹಾಲು ಡೇರಿಗೆ ಹೋಗುತ್ತದೆ. ಅತ್ತೆಯವರಿಗೆ ಇದನ್ನು ಹೇಳಬೇಕೋ ಬೇಡವೋ ನೀವೇ ಯೋಚನೆ ಮಾಡಿ.

ಲ್ಯಾಬ್ ಬಿಟ್ಟ ತಾತ

ಹೆದರಿಸಬೇಡಿ ಮಾರಾಯರೇ, ಪಾಪ ಕಾಫಿ ಬಿಟ್ಟಾರು. ಆಹಾರ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಬಹಳ ವರ್ಷ ಕೂತವನು ನಾನು.

ಹೈಬ್ರಿಡ್ ಬೇರೆ, ಕುಲಾಂತರಿ ಬೇರೆ. ಗಟ್ಟಿ ಟೊಮೆಟೊ ಎರಡು ಟೊಮೆಟೊ ತಳಿಗಳ ಮಗು, ಅಷ್ಟೆ. ಬಿಟಿ ಅಂದರೆ ಮಣ್ಣಿನ ಒಂದು ಬ್ಯಾಕ್ಟೀರಿಯಾದ ಜೀನನ್ನು ಗಿಡಕ್ಕೆ ಸೇರಿಸುವುದು. ಆ ಗಿಡ ಮಾಡುವ ಪ್ರೋಟೀನು ಹುಳದ ಕರುಳಿನ ಕ್ಷಾರದಲ್ಲಿ ಕರಗಿ, ಅಲ್ಲಿ ಅಂಟಿಕೊಂಡು ಕೊಲ್ಲುತ್ತದೆ. ನಮ್ಮ ಹೊಟ್ಟೆಯಲ್ಲಿರೋದು ಆಮ್ಲ. ಅದು ಬೇಳೆಯ ಪ್ರೋಟೀನಿನ ಹಾಗೇ ಜೀರ್ಣವಾಗುತ್ತದೆ. ಇನ್ನು ಸೋಯಾ ಎಣ್ಣೆ. ಅರ್ಜೆಂಟೀನಾ, ಬ್ರೆಜಿಲಿನಿಂದ ಬರುವುದು ಹೆಚ್ಚು ಕಮ್ಮಿ ಎಲ್ಲ ಕುಲಾಂತರಿ ಸೋಯಾದ್ದೇ. ಆದರೆ ರಿಫೈನ್ ಮಾಡಿದ ಮೇಲೆ ಜೀನೂ ಪ್ರೋಟೀನೂ ಉಳಿಯೋದು ತೀರಾ ಕಮ್ಮಿ. ಲ್ಯಾಬಿನಲ್ಲಿ ಪತ್ತೆ ಹಚ್ಚೋದೇ ಕಷ್ಟ. ಅಮೆರಿಕದವರು 1996ರಿಂದ ಆ ಸೋಯಾ ಬೆಳೆಯುತ್ತಿದ್ದಾರೆ. ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ಒಗ್ಗರಣೆ ಡಬ್ಬಿ

ಸಾಸಿವೆ ಮರೆತಿರಲ್ಲ! ಡಿಎಂಎಚ್-11 ಅನ್ನೋ ಕುಲಾಂತರಿ ಸಾಸಿವೆಗೆ 2022ರ ಅಕ್ಟೋಬರಿನಲ್ಲಿ ಒಪ್ಪಿಗೆ ಸಿಕ್ಕಿತು. ಆ ಒಪ್ಪಿಗೆ ಬಗ್ಗೆ 2024ರ ಜುಲೈನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಒಬ್ಬೊಬ್ಬರು ಒಂದೊಂದು ತೀರ್ಪು ಕೊಟ್ಟರು. ಅವರಿಗೇ ಒಮ್ಮತ ಬರಲಿಲ್ಲ, ಅತ್ತೆ ಸೊಸೆಗೆ ಬರುತ್ತದಾ?

ಕುವೆಂಪುನಗರದ ಸೊಸೆ

ತಾತ, ವಿಷ ಅಂತ ನಾನು ಹೇಳುತ್ತಿಲ್ಲ. ಆದರೆ "ತಲೆ ಕೆಡಿಸಿಕೊಳ್ಳಬೇಡಿ" ಅಂದಾಗಲೇ ನನಗೆ ತಲೆ ಕೆಟ್ಟಿದ್ದು. ನಿನ್ನೆ ಮನೆಯಲ್ಲಿದ್ದ ಪೊಟ್ಟಣಗಳನ್ನೆಲ್ಲ ತಿರುಗಿಸಿ ನೋಡಿದೆ. ಸೋಯಾ ಎಣ್ಣೆ ಪ್ಯಾಕೆಟ್ಟಿನಲ್ಲಿ ವಿಟಮಿನ್ ಇದೆ, ಹೃದಯದ ಚಿತ್ರ ಇದೆ, ಬೀಜ ಯಾವುದು ಅಂತ ಇಲ್ಲ. ಕುಲಾಂತರಿ ಇದ್ದರೆ ಪೊಟ್ಟಣದ ಮೇಲೆ 'ಜಿಎಂ' ಅಂತ ಹಾಕಬೇಕು ಅನ್ನೋ ನಿಯಮ 2013ರ ಜನವರಿಯಲ್ಲೇ ಜಾರಿಗೆ ಬಂತಂತೆ. ನನ್ನ ಕಣ್ಣಿಗೆ ಒಂದೂ ಬಿದ್ದಿಲ್ಲ. ಮೊಟ್ಟೆ ವಿಷ ಅಂತ ಯಾರಾದರೂ ಹೇಳಿದ್ದಾರಾ? ಆದರೂ ಬಿಸ್ಕತ್ತಿಗೆ ಮೊಟ್ಟೆ ಹಾಕಿದ್ದರೆ ಗುರುತು ಹಾಕುತ್ತಾರೆ, ತಿನ್ನುವವರು ತಿನ್ನುತ್ತಾರೆ, ಬಿಡುವವರು ಬಿಡುತ್ತಾರೆ. ನಮ್ಮ ಅತ್ತೆ ಆ ಹಸಿರು ಚುಕ್ಕೆ ನೋಡದೆ ಒಂದು ಚಾಕಲೇಟೂ ಮುಟ್ಟುವುದಿಲ್ಲ. ಲ್ಯಾಬಿಗೆ ಸಿಗಲ್ಲ ಅಂದರೇನು, ಕಂಪನಿಯವರಿಗೆ ಯಾವ ಬೀಜ ತಂದಿದ್ದು ಅಂತ ಗೊತ್ತಿರುತ್ತದಲ್ವಾ?

ಬದನೆ ಬಗ್ಗೆ ಅತ್ತೆಗೆ ಹೇಳಿದೆ. "ಹಾಗಾದರೆ ಇಷ್ಟು ದಿನ ಔಷಧಿ ತಿಂದೆವಾ" ಅಂತ ಇನ್ನೂ ಜೋರಾಯಿತು. ಹಿಂಡಿ ವಿಷಯ ಹೇಳಿಲ್ಲ.

ಕೋಟೆ ಅಣ್ಣ, ಆ ನಾಲ್ಕು ಸಾಲಿನದ್ದು ಎರಡು ಕೆಜಿ ಸಿಗುತ್ತದಾ? ಹುಳ ಸಮೇತ ಕಳಿಸಿ.